ಒನಕೆ ಪರೀಕ್ಷೆ

ಗುಮ್ಮನದುರ್ಗದ ದೊರೆ ಭೈರವನಾಯಕನಿಗೆ ಮೀಸೆ ಎಷ್ಟು ಉದ್ದವಿತ್ತೋ ಜಂಬ ಅದರ ಎರಡರಷ್ಟಿತ್ತು. ಸಾಲದ್ದಕ್ಕೆ ಅವನಿಗೊಂದು ಮಡಕೆ ಕಾರ್ಖಾನೆಯೂ ಇತ್ತು.

"ನಮ್ಮ ಕಾರ್ಖಾನೆಯಿಂದ ಒಂದೇ ಒಂದು ಕೆಟ್ಟ ಮಡಕೆ ಹೊರಗೆ ಹೋಗಿದ್ದುಂಟೇನ್ರಯ್ಯಾ?" ಎಂದು ಒಂದು ದಿನ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

"ಖಂಡಿತ ಇಲ್ಲ, ಪ್ರಭು!" ಎಂದಿತು ಸಭೆ. ನಿಜವೇ. ಮಡಕೆ ಅಂತ ಒಂದಾದರೂ ಹೊರಗೆ ಹೋಗಿದ್ದರೆ ತಾನೇ!

"ಮತ್ತೆ ಲಾಭ ಎಲ್ಲಿ? ಹೋದ ತಿಂಗಳು ಸಾವಿರ ಮಡಕೆ ಸುಟ್ಟರು, ಸಂತೆಗೆ ಒಂದೂ ಬರಲಿಲ್ಲ. ಎಲ್ಲ ಒಡೆದು ಚೂರು! ಆ ಕುಂಬಾರ ದ್ಯಾವಣ್ಣನ ಕೈ ಕೆಟ್ಟಿದೆ. ಹುಣ್ಣಿಮೆಯೊಳಗೆ ಒಡೆಯೋದು ನಿಲ್ಲದಿದ್ದರೆ ಹೆಂಡತಿ ಮಕ್ಕಳ ಸಮೇತ ಅವನು ಊರು ಬಿಡಬೇಕು!"

ಆಸ್ಥಾನದ ಚತುರ ಸಿಂಗಪ್ಪಯ್ಯ ಇದನ್ನು ನಂಬಲಿಲ್ಲ. ದ್ಯಾವಣ್ಣನ ಮಡಕೆ ಅಂದರೆ ಬಾವಿಗೆ ಬಿದ್ದರೆ ಬಾವಿಗೇ ಪೆಟ್ಟಾಗಬೇಕು, ಅಂಥದ್ದು. ಅಂಥವನ ಕೈ ಕೆಡುವುದುಂಟೇ? ಸಭೆ ಮುಗಿದದ್ದೇ ತಡ, ನೆಟ್ಟಗೆ ಕಾರ್ಖಾನೆಗೆ ನಡೆದ.

ದ್ಯಾವಣ್ಣ ತಿಗರಿಯ ಪಕ್ಕದಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದ. "ಸಿಂಗಪ್ಪಯ್ಯೋರೇ, ನಾನೇನೂ ಹೇಳಲ್ಲ. ಇಲ್ಲಿ ಒಂದು ಗಳಿಗೆ ಕುಂತು ನೋಡಿ, ಸಾಕು," ಎಂದು ಕಣ್ಣೊರೆಸಿಕೊಂಡ.

ಸಿಂಗಪ್ಪಯ್ಯ ಕೂತು ನೋಡಿದ. ನೋಡಿ, ನೋಡಿ, ಅವನ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ಮೊದಲು ಅಲ್ಲಿ ಒಬ್ಬನೇ ಪರೀಕ್ಷಕನಿದ್ದನಂತೆ. ಸಂತೆಯಲ್ಲಿ ಹೆಂಗಸರು ಮಾಡುವ ಹಾಗೆ ಬೆರಳಲ್ಲಿ ಠಣ್ ಅಂತ ತಟ್ಟಿ, ಸದ್ದು ಕೇಳಿ ಬಿಡುತ್ತಿದ್ದ. ಒಂದು ದಿನ ಒಂದು ಮಡಕೆ ಒಡೆಯಿತು. ದೊರೆ ಇನ್ನೊಬ್ಬ ಪರೀಕ್ಷಕನನ್ನು ನೇಮಿಸಿದ. ಎರಡು ಒಡೆದವು. ಮತ್ತಿಬ್ಬರನ್ನು ನೇಮಿಸಿದ. ಹೀಗೇ ಒಡೆದಷ್ಟೂ ನೇಮಿಸಿ, ನೇಮಿಸಿದಷ್ಟೂ ಒಡೆದು, ಈಗ ಇಪ್ಪತ್ತು ಜನ! ಒಂದೊಂದು ಮಡಕೆಯನ್ನೂ ಇಪ್ಪತ್ತು ಜನರೂ ತಟ್ಟಬೇಕು. ಮೇಲಿನವನು ಕೆಳಗಿನವನ ಹಾಗೆ ಬರಿ ಬೆರಳಲ್ಲಿ ತಟ್ಟಿದರೆ ಮರ್ಯಾದೆ ಉಳಿಯುತ್ತದೆಯೇ? ಸಿಂಗಪ್ಪಯ್ಯನ ಕಣ್ಣೆದುರೇ ಒಬ್ಬ ಬೆರಳ ಗೆಣ್ಣಲ್ಲಿ ಕುಟ್ಟಿದ, ಅವನ ಮೇಲಿನವನು ಸೌಟಲ್ಲಿ, ಅವನ ಮೇಲಿನವನು ಲಟ್ಟಣಿಗೆಯಲ್ಲಿ. ಕೊನೆಗೆ ಹಿರಿಯ ಪರೀಕ್ಷಕ ಪುರುಷೋತ್ತಮರಾಯರು ಎದ್ದರು. ಅವರ ಕೈಯಲ್ಲಿ ಒನಕೆ.

ಒನಕೆ ಬಿತ್ತು. ಮಡಕೆ ಹೋಯಿತು.

"ಛೆ, ಗಟ್ಟಿಯಿಲ್ಲ. ಮುಂದಿನದು ತನ್ನಿ," ಎಂದರು ರಾಯರು.

"ಅಲ್ಲ ರಾಯರೇ, ಒನಕೆ ಏಟು ತಡೆಯೋ ಮಡಕೆ ಎಲ್ಲಾದರೂ ಇದೆಯೇ?" ಎಂದ ಸಿಂಗಪ್ಪಯ್ಯ.

"ಅದನ್ನೇ ಹುಡುಕ್ತಾ ಇದ್ದೀವಿ ಸ್ವಾಮಿ. ಇನ್ನೂ ಸಿಕ್ಕಿಲ್ಲ!"

ಸಿಂಗಪ್ಪಯ್ಯನಿಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಅರಮನೆಗೆ ಹೋಗಿ ಕೈಮುಗಿದ.

"ಪ್ರಭು, ಇಂಥ ನಿಪುಣರನ್ನು ಬರೀ ಮಣ್ಣಿಗೆ ಮೀಸಲಿಟ್ಟಿದ್ದು ಅನ್ಯಾಯ. ಮಡಕೆಗಿಂತ ತಮ್ಮ ಹೊಟ್ಟೆ ಕಡಿಮೆಯೇ? ನಾಳೆ ತಮ್ಮ ಊಟವನ್ನೂ ಅವರೇ, ಅದೇ ಪದ್ಧತಿಯಲ್ಲಿ ಪರೀಕ್ಷೆ ಮಾಡಲಿ."

"ಭೇಷ್! ಹಾಗೇ ಆಗಲಿ!" ಎಂದು ದೊರೆ ಉಬ್ಬಿಹೋದ.

ಮರುದಿನ ಅಡುಗೆಯ ಸುಬ್ಬಕ್ಕ ಐವತ್ತು ಹೋಳಿಗೆ ಬೇಯಿಸಿದಳು. ದೊರೆ ಎಲೆ ಮುಂದೆ ಕೂತ. ಘಮಘಮ ವಾಸನೆಗೆ ಹೊಟ್ಟೆ ತಾಳ ಹಾಕುತ್ತಿತ್ತು. ಒಳಗಿನಿಂದ ಒಂದೊಂದೇ ಕೂಗು ಬಂತು.

"ಹೂರಣ ಹದವಾಗಿದೆ, ಪ್ರಭು!"

"ಏಲಕ್ಕಿ ಸರಿಯಾಗಿದೆ, ಪ್ರಭು!"

"ತುಪ್ಪದ ಬಗ್ಗೆ ಸ್ವಲ್ಪ ಅನುಮಾನ. ಇನ್ನೊಮ್ಮೆ ನೋಡ್ತೀವಿ, ಪ್ರಭು!"

ಕಿರಿಯರು ಚಿವುಟಿ ನೋಡಿದರು, ನಡುವಿನವರು ಮುರಿದು ನೋಡಿದರು. ರಾಯರದ್ದು ಒನಕೆಯ ದರ್ಜೆ ತಾನೇ, ಉಳಿದದ್ದನ್ನೆಲ್ಲ ಅವರು ನೋಡಿದರು. ಕಡೆಗೆ ಡರ್‍ರೆಂದು ತೇಗುತ್ತ ಹೊರಗೆ ಬಂದರು.

"ಐವತ್ತಕ್ಕೆ ಐವತ್ತೂ ಅಮೃತ, ಪ್ರಭು!"

"ಹಾಗಾದರೆ ಬಡಿಸ್ರಯ್ಯಾ!"

ರಾಯರು ಮೀಸೆಗಂಟಿದ ಹೂರಣ ಒರೆಸಿಕೊಂಡರು.

ಸಿಂಗಪ್ಪಯ್ಯ ಮುಂದೆ ಬಂದ. "ಪ್ರಭು, ಸುಬ್ಬಕ್ಕನ ಕೈ ಕೆಟ್ಟಿದೆ. ಐವತ್ತು ಬೇಯಿಸಿ ತಮ್ಮ ಎಲೆಗೆ ಒಂದೂ ತಲುಪಿಸಲಿಲ್ಲ ಅಂದರೆ! ಅವಳನ್ನು ಊರು ಬಿಡಿಸಿ."

"ನಿನಗೇನು ತಲೆ ಕೆಟ್ಟಿದೆಯೇನಯ್ಯ?" ಹಸಿದ ದೊರೆ ಗುಡುಗಿದ. "ಅವಳು ಸರಿಯಾಗೇ ಮಾಡಿದ್ದಾಳೆ. ಪರೀಕ್ಷೆ ಪರೀಕ್ಷೆ ಅಂತ ಎಲ್ಲ ಮುಗಿಸಿದವರು ಈ..."

ದೊರೆ ರಾಯರನ್ನು ನೋಡಿದ, ಖಾಲಿ ಎಲೆಯನ್ನು ನೋಡಿದ.

"ದ್ಯಾವಣ್ಣನ ಮಡಕೆಗೂ ಇದೇ ಗತಿಯೇ?"

"ಇಲ್ಲಿ ಹಲ್ಲು ಪ್ರಭು, ಅಲ್ಲಿ ಒನಕೆ."

ಭೈರವನಾಯಕ ಎಲೆ ಮುಂದೆಯೇ ಬಿದ್ದು ಬಿದ್ದು ನಕ್ಕ. ಕೈಯ ಚಿನ್ನದ ಕಡಗ ಬಿಚ್ಚಿ ಸಿಂಗಪ್ಪಯ್ಯನಿಗೆ ತೊಡಿಸಿದ. "ದ್ಯಾವಣ್ಣ ಎಲ್ಲಿಗೂ ಹೋಗಬೇಕಿಲ್ಲ. ಅವನ ಮಡಕೆ ಅವನೇ ತಟ್ಟಿ ನೋಡಿಕೊಳ್ಳಲಿ. ಅದು ಸರಿ, ಈ ಇಪ್ಪತ್ತು ಜನಕ್ಕೆ ಇನ್ನು ಏನು ಕೆಲಸ ಕೊಡಲಯ್ಯ?"

"ದ್ಯಾವಣ್ಣನಿಗೆ ಮಣ್ಣು ತುಳಿಯೋರು ಬೇಕಂತೆ, ಪ್ರಭು. ಒಟ್ಟು ನಲವತ್ತು ಕಾಲು, ಕೆಲಸ ಬೇಗ ಆಗುತ್ತೆ," ಎಂದ ಸಿಂಗಪ್ಪಯ್ಯ. "ಕೈ ಮಾತ್ರ ಹಿಂದಕ್ಕೆ ಕಟ್ಟಿಸಿಬಿಡಿ."