ಹೇಳದ ಹೊಯಿಗೆ

ನಮ್ಮ ಬೆಳ್ಳಿಕಡವಿನ ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ, ಇಳಿತದ ಹೊತ್ತಿಗೆ ಒಂದು ಮರಳ ದಿಬ್ಬ ನೀರಿನಿಂದ ಮೇಲೇಳುತ್ತದೆ. ಅದರ ತೆಂಕಣ ಅಂಚಿನಲ್ಲಿ ಮೊರದಷ್ಟು ಅಗಲದ ಕಬ್ಬಿಣದ ಬಳೆಯೊಂದು ತುಕ್ಕು ಹಿಡಿದು ಕೂತಿದೆ. ಬಳೆಯ ಪಕ್ಕದಲ್ಲಿ ಒಂದು ಬೋಳು ಬಿದಿರ ಗಳ ನೆಟ್ಟಿರುತ್ತದೆ. ರಜೆಯ ದಿನಗಳಲ್ಲಿ ಬರುವವರು ಆ ಬಳೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ದಡದಲ್ಲಿ ಐಸ್‌ಕ್ಯಾಂಡಿ ಮಾರುವವರು ಅವರಿಗೆ, ಇಲ್ಲಿ ಹೊಳೆಯಮ್ಮ ಬಿಳಿಯರ ಟ್ಯಾಂಕು ನುಂಗಿದಳು ಎಂದು ಕತೆ ಹೇಳುತ್ತಾರೆ. ಕತೆ ಕೇಳಲು ಚೆನ್ನಾಗಿದೆ. ಆದರೆ ಅದು ಪಾಪ ಆ ಅಮ್ಮನ ತಲೆಗೆ ನಮ್ಮೂರು ಕಟ್ಟಿದ ಸುಳ್ಳು. ಆಚೆ ದಡದ ಗುಡಿಯಲ್ಲಿ ತನ್ನ ಪಾಡಿಗೆ ತಾನಿರುವ ಆಕೆಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಕಡೆ ಹೊಯಿಗೆ ಎಂದರೆ ಮರಳು. ಈ ದಿಬ್ಬವನ್ನು ಊರವರು ‘ಹೇಳದ ಹೊಯಿಗೆ’ ಎನ್ನುತ್ತಾರೆ. ಆ ಹೆಸರಿನ ಹಿಂದಿರುವುದು ನನ್ನ ಮನೆಯ ನಾಚಿಕೆ. ಎಪ್ಪತ್ತಾರು ವರ್ಷದ ನಾನು ಅದನ್ನು ಬರೆದಿಡದೆ ಹೋದರೆ ಅಮ್ಮನ ಕತೆಯೇ ಉಳಿಯುತ್ತದೆ.

ನಮ್ಮದು ಅಂಬಿಗರ ಕೇರಿ. ಪ್ರತಿ ಮಳೆಗಾಲ ಹೊಳೆಯ ಬಾಯಿ ಜಾಗ ಬದಲಿಸುತ್ತದೆ. ಹೋದ ವರ್ಷ ಗಟ್ಟಿಯಿದ್ದ ನೆಲ ಈ ವರ್ಷ ಕೆಸರಾಗಿರುತ್ತದೆ. ಹಾಗಾಗಿ ಮಳೆ ನಿಂತ ಮೇಲೆ ನಮ್ಮ ಮನೆಯ ಹಿರಿಯ ಇಳಿತದಲ್ಲಿ ಅಳಿವೆಯುದ್ದಕ್ಕೂ ನಡೆದು, ಕೋಲು ಚುಚ್ಚಿ ನೋಡಿ, ದಾರಿಯ ಗುರುತಿಗೆ ಗಳ ನೆಡಬೇಕು. ತೆಂಗಿನ ಗರಿ ಕಟ್ಟಿದ ಗಳವೆಂದರೆ ನೆಲ ಗಟ್ಟಿ, ದನ ಗಾಡಿ ಏನೇ ಬಂದರೂ ತಡೆಯುತ್ತದೆ ಎಂದರ್ಥ. ಬೋಳು ಗಳವೆಂದರೆ ಕಾಲಿಡಬೇಡ ಎಂದು. ಮೇಲೆ ಹಪ್ಪಳದಂತೆ ಒಣಗಿ ಕೆಳಗೆ ಟೊಳ್ಳಾಗಿರುವ ಹೊಯಿಗೆ ಮನುಷ್ಯನನ್ನು ಹೊತ್ತೀತು, ಗಾಡಿಯನ್ನು ಹೊರಲಾರದು. ಈ ಕೆಲಸಕ್ಕೆ ಒಂದೇ ಕಟ್ಟಳೆ: ದಡಕ್ಕೆ ಬಂದವರು ನೆಂಟರಾಗಲಿ, ಹಗೆಗಳಾಗಲಿ, ನೆಲ ಹೇಗಿದೆ ಎಂಬುದನ್ನು ಅವರಿಗೆ ಹೇಳಲೇಬೇಕು. ನನ್ನ ಅಜ್ಜ ಹೊನ್ನಪ್ಪ ಇಪ್ಪತ್ತು ವರ್ಷ ಗಳ ನೆಟ್ಟಿದ್ದ. ಅವನ ಗಳ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಹಿಂದೆ ಒಮ್ಮೆ, ಎರಡನೆಯ ಮಹಾಯುದ್ಧ ಮುಗಿಯಲು ಇನ್ನೊಂದು ವರ್ಷವಿದ್ದಾಗ, ಬಿಳಿಯರ ಕಡಲ ಸೈನ್ಯದ ತುಕಡಿಯೊಂದು ನಮ್ಮ ದಂಡೆಯಲ್ಲಿ ಬೀಡುಬಿಟ್ಟಿತು. ಹಡಗಿನಿಂದ ಟ್ಯಾಂಕುಗಳನ್ನು ನೀರಿಗಿಳಿಸಿ ದಡಕ್ಕೆ ಹತ್ತಿಸುವುದನ್ನು ಅವರು ಇಲ್ಲಿ ಅಭ್ಯಾಸ ಮಾಡುತ್ತಿದ್ದರು. ಉಳಿದ ದಂಡೆಯೆಲ್ಲ ಕಲ್ಲುಬಂಡೆ. ಟ್ಯಾಂಕು ಹತ್ತಲು ಇದ್ದದ್ದು ಅಳಿವೆಯ ಮರಳೊಂದೇ. ಅವರಲ್ಲಿ ಹಾಕಿನ್ಸ್ ಎಂಬ ಕಾರ್ಪೊರಲ್ ಒಬ್ಬನಿದ್ದ. ಉದ್ದನೆಯ ಕೋಲು ಹಿಡಿದು, ಎದೆಮಟ್ಟದ ನೀರಿನಲ್ಲಿ ನೆಲ ಚುಚ್ಚುತ್ತ, ತನ್ನ ಟ್ಯಾಂಕಿನ ಮುಂದೆ ನಡೆದು ಬರುವುದು ಅವನ ಕೆಲಸ. ಊರವರು ಅವನನ್ನು ಕೋಲು ಸಾಹೇಬ ಎಂದು ಕರೆದರು. ಅಜ್ಜ ಹರೆಯದಲ್ಲಿ ಮುಂಬಯಿಯ ಹಡಗುಗಳಲ್ಲಿ ಖಲಾಸಿಯಾಗಿದ್ದವನು, ಹರಕುಮುರುಕು ಹಿಂದೂಸ್ತಾನಿ ಬರುತ್ತಿತ್ತು. ಕೋಲು ಸಾಹೇಬನಿಗೂ ಅಷ್ಟೇ ಬರುತ್ತಿತ್ತು. ಒಂದೇ ಕಸುಬಿನವರು ಎಂದು ತಿಳಿದ ಮೇಲೆ ಇಬ್ಬರಿಗೂ ಸ್ನೇಹ ಬೆಳೆಯಿತು. ಯಾವುದೋ ದೂರದ ದ್ವೀಪದ ಲಡಾಯಿಯಲ್ಲಿ ಅವರ ಆರು ಟ್ಯಾಂಕುಗಳು ಒಟ್ಟಿಗೆ ನೀರಿಗಿಳಿದಿದ್ದವಂತೆ. ಫಿರಂಗಿಯ ಗುಂಡು ಬಿದ್ದು ಕಡಲತಳದಲ್ಲಿ ಹೊಂಡಗಳಾಗಿದ್ದವು, ಮೇಲಿನಿಂದ ಕಾಣುತ್ತಿರಲಿಲ್ಲ. ಮೂರು ಟ್ಯಾಂಕುಗಳು ಮುಚ್ಚಳ ಹಾಕಿದಂತೆಯೇ ಹೊಂಡಕ್ಕೆ ಇಳಿದವು. ವೈರಿಯ ಗುಂಡಿಗೆ ಸತ್ತವರಿಗಿಂತ ಆ ಹೊಂಡಗಳಲ್ಲಿ ಸತ್ತವರೇ ಹೆಚ್ಚು. ತನ್ನ ಟ್ಯಾಂಕಿನಿಂದ ಹೊರಬಂದವನು ತಾನೊಬ್ಬನೇ ಎಂದು ಅವನು ಅಜ್ಜನಿಗೆ ಹೇಳಿದ. ಮುಂದೆ ನಡೆಯುವವನಿಗೇ ಮೊದಲ ಗುಂಡು ಬೀಳುತ್ತದೆ ಎಂದು ಗೊತ್ತಿದ್ದೂ, ಅಂದಿನಿಂದ ಅವನು ಕೋಲು ಹಿಡಿದು ಮುಂದೆ ನಡೆಯತೊಡಗಿದ. ಅಜ್ಜ ಅವನಿಗೆ ಗರಿಯ ಗಳ, ಬೋಳು ಗಳದ ಅರ್ಥ ಕಲಿಸಿಕೊಟ್ಟ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಬೇರೊಂದು ಟ್ಯಾಂಕು ದಂಡೆಯಲ್ಲಿ ತಿರುಗುವಾಗ, ಒಣಗಲು ಹರವಿದ್ದ ನಮ್ಮ ರಂಪಣಿ ಬಲೆಯ ಮೇಲೆ ಹರಿಯಿತು. ರಂಪಣಿ ಎಂದರೆ ಒಬ್ಬರ ಬಲೆಯಲ್ಲ. ಇಡೀ ಕೇರಿಯ ಗಂಡಸರು ಸೇರಿ ಎಳೆಯುವ, ಹೆಂಗಸರು ವರ್ಷಗಟ್ಟಲೆ ಕೂತು ಹೆಣೆದ, ಫರ್ಲಾಂಗು ಉದ್ದದ ಬಲೆ. ಅದು ಚಕ್ರದ ಪಟ್ಟಿಗೆ ಸುತ್ತಿಕೊಂಡು ನಾರು ನಾರಾಯಿತು. ಮೇಲೆ ಕೂತ ಅಧಿಕಾರಿ ಇಳಿದು ನೋಡಲೂ ಇಲ್ಲ. ಅಂದು ಮಧ್ಯಾಹ್ನ ಕೇರಿಯ ಮುಖ್ಯಸ್ಥ ಗುರಿಕಾರ ಸುಬ್ರಾಯ ಎಲ್ಲರನ್ನೂ ಕೂಡಿಸಿದ. “ಅವ್ರಿಗೆ ನಾವು ಕೆಟ್ಟದ್ದು ಮಾಡೂದು ಬ್ಯಾಡ. ಆದ್ರೆ ಇನ್ನು ಮೇಲೆ ಎಂತದೂ ಹೇಳೂದೂ ಬ್ಯಾಡ. ಅವ್ರ ದಾರಿ ಅವ್ರೇ ನೋಡ್ಕಳ್ಲಿ” ಎಂದ. ಎಲ್ಲರೂ ತಲೆಯಾಡಿಸಿದರು. ಅಜ್ಜನೂ ತಲೆಯಾಡಿಸಿದ.

ಮರುವಾರದ ಅಮಾವಾಸ್ಯೆಗೆ ಗಾಳಿ ಎದ್ದು ಕಡಲು ಉಕ್ಕಿತು. ಗಾಳಿ ಇಳಿದ ಮೇಲೆ ಅಜ್ಜ ವಾಡಿಕೆಯಂತೆ ಅಳಿವೆಗೆ ಹೋಗಿ ನೋಡಿದ. ಗರಿ ಕಟ್ಟಿದ ಮೂರನೆಯ ಗಳದ ಬುಡದಲ್ಲಿ ಕೋಲು ಚುಚ್ಚಿದರೆ ತೋಳುದ್ದ ಸುಮ್ಮನೆ ಇಳಿಯಿತು. ನೆಲ ಟೊಳ್ಳಾಗಿತ್ತು. ಗರಿ ಬಿಚ್ಚಲು ಎರಡು ನಿಮಿಷವೂ ಬೇಡ. ಬಿಚ್ಚದೆ ಮನೆಗೆ ಬಂದ. ಒಲೆಯ ಮುಂದಿದ್ದ ಅಜ್ಜಿ ಗಿರಿಯಮ್ಮನಿಗೆ ಮಾತ್ರ ವಿಷಯ ಹೇಳಿದ.

“ಈಗ್ಲೇ ಹೋಗಿ ಗರಿ ಬಿಚ್ಚಿಕಂಡು ಬನ್ನಿ. ಅಂವ ನಿಮ್ಮ ಗಳ ನಂಬ್ಕಂಡವ” ಎಂದಳು ಅಜ್ಜಿ.

“ಕೇರಿ ಮಾತು ಆಗೋಗದೆ. ನಾನೊಬ್ನೇ ಮುರಿಯೂದು ಹ್ಯಾಂಗೆ? ಹ್ಯಾಂಗೂ ಅಂವ ಕೋಲು ಹಿಡ್ಕಂಡು ಮುಂದೆ ನಡೀತ. ಕೋಲು ಇಳಿದ್ರೆ ಹಿಂದೆ ತಿರುಗ್ತ. ಅವ್ರದ್ದೂ ಒಂದು ದಿನ ಹಾಳಾಗ್ಲಿ” ಎಂದ ಅಜ್ಜ.

ಅವನು ಬಯಸಿದ್ದು ಅಷ್ಟೇ, ಅವರದೊಂದು ದಿನ ಹಾಳಾಗಬೇಕು. ನಾನು ಇದನ್ನು ಅವನ ಪರವಾಗಿ ಹೇಳುತ್ತಿಲ್ಲ. ನಾಲ್ಕು ಜೀವ ಹೋಗಲು ಅಷ್ಟು ಸಣ್ಣ ಸಿಟ್ಟು ಸಾಕಾಯಿತಲ್ಲ ಎಂದು ಹೇಸಿಗೆಯಾಗುತ್ತದೆ.

ಮರುದಿನ ಬೆಳಗಿನ ಇಳಿತಕ್ಕೆ ಮೂರು ಟ್ಯಾಂಕುಗಳು ಬಂದವು, ಕೋಲು ಸಾಹೇಬನದೇ ಮೊದಲನೆಯದು. ಕೇರಿಯವರು ದಡದಲ್ಲಿ ಸಾಲಾಗಿ ನಿಂತು ನೋಡುತ್ತಿದ್ದರು. ಅಜ್ಜ ನೀರಿನಲ್ಲಿ ಅವನ ತಲೆಯನ್ನು ಹುಡುಕಿದ. ಅಲ್ಲಿ ಯಾರೂ ಇರಲಿಲ್ಲ. ಸಾಹೇಬ ಟ್ಯಾಂಕಿನ ಮೇಲಿನ ಬಳೆಯಂಥ ಬಾಯಲ್ಲಿ ಅರ್ಧ ಮೈ ಹೊರಗಿಟ್ಟು ನಿಂತಿದ್ದ. ಎರಡು ತಿಂಗಳಿಂದ ಒಮ್ಮೆಯೂ ತಪ್ಪದ ಗರಿಯ ಗಳ ಎದುರಿಗಿರುವಾಗ ನಡೆಯುವುದೇಕೆ ಎಂದು ಅಂದು ಅವನು ನೀರಿಗಿಳಿದಿರಲಿಲ್ಲ. ದಡದಲ್ಲಿ ಅಜ್ಜನನ್ನು ಕಂಡು, ಮೂರನೆಯ ಗಳದತ್ತ ಬೆರಳು ತೋರಿಸಿ, ಕೈ ಎತ್ತಿದ. ಇಲ್ಲಿಯೇ ತಾನೇ ಎಂದು ಕೇಳುವ ಹಾಗಿತ್ತು ಎನ್ನುತ್ತಿದ್ದರು ನೋಡಿದವರು. ಕೂಗಲು ಅಜ್ಜ ಬಾಯಿ ತೆರೆದ. ಪಕ್ಕದಲ್ಲಿ ಗುರಿಕಾರ ನಿಂತಿದ್ದ. ಕೂಗು ಹೊರಡಲಿಲ್ಲ. ದಿನವೂ ಎತ್ತುತ್ತಿದ್ದ ರೂಢಿಯಲ್ಲಿ ಅಜ್ಜನ ಕೈ ತಾನಾಗಿ ಮೇಲೆದ್ದಿತು. ಸಾಹೇಬ ನಕ್ಕು, ಒಳಗಿನವರಿಗೆ ಮುಂದೆ ಹೋಗಲು ಹೇಳಿದ.

ಹೊಯಿಗೆಯ ಹಪ್ಪಳ ಒಡೆಯಿತು. ಟ್ಯಾಂಕು ಮೂತಿ ತಗ್ಗಿಸಿ, ಒಂದು ಬದಿಗೆ ವಾಲಿ, ಸದ್ದಿಲ್ಲದೆ ಇಳಿಯಿತು. ಸಾಹೇಬ ಹೊರಗೆ ಎಸೆಯಲ್ಪಟ್ಟ. ತೆರೆದ ಬಾಯಿಂದ ಒಳಕ್ಕೆ ಮರಳು ನೀರು ಎರಡೂ ನುಗ್ಗಿದವು. ಆಮೇಲೆ ಇಡೀ ಕೇರಿ ಓಡಿತು. ಅಜ್ಜ ಎಲ್ಲರಿಗಿಂತ ಮುಂದಿದ್ದ. ಉಬ್ಬರ ಎದೆಗೇರುವವರೆಗೂ ಸೈನಿಕರೂ ಅಂಬಿಗರೂ ಒಟ್ಟಿಗೆ ಮರಳು ತೋಡಿದರು. ತೋಡಿದಷ್ಟೂ ಮರಳು ಮುಚ್ಚಿಕೊಳ್ಳುತ್ತಿತ್ತು. ಒಳಗಿದ್ದ ನಾಲ್ವರಲ್ಲಿ ಒಬ್ಬನೂ ಬರಲಿಲ್ಲ.

ಮೂರನೆಯ ದಿನ ದಂಡೆಯ ಮೇಲೆ ಮೇಜು ಹಾಕಿ ವಿಚಾರಣೆ ನಡೆಸಿದರು. ಕೋಲು ಸಾಹೇಬ, ತಪ್ಪು ತನ್ನದು, ನಡೆಯಬೇಕಿತ್ತು, ನಡೆಯಲಿಲ್ಲ, ಈ ಮನುಷ್ಯನ ಗಳ ಎಂದೂ ತಪ್ಪಿಲ್ಲ, ತಾನೇ ಗಳದಿಂದ ಆಚೆ ಹೋಗಿರಬೇಕು ಎಂದ. ದುಭಾಷಿ ಅದನ್ನು ಅಜ್ಜನಿಗೆ ಹೇಳಿ, ಗಳ ಸರಿಯಿತ್ತೇ ಎಂದು ಕೇಳಿದ. ಅಜ್ಜ “ಸರಿ ಇತ್ತು” ಎಂದ. ಮೊದಲು ಹೇಳದೆ ಕೊಂದ, ಈಗ ಹೇಳಿ ಕೊಂದ. ಎಲ್ಲರೆದುರು ಸಾಹೇಬನ ತೋಳಿನ ಮೇಲಿನ ಪದವಿಯ ಪಟ್ಟಿ ಕಿತ್ತರು. ಹಡಗು ಹೊರಡುವ ದಿನ ಅವನು ನಮ್ಮ ಅಂಗಳಕ್ಕೆ ಬಂದು ತನ್ನ ಕೋಲನ್ನು ಅಜ್ಜನ ಕೈಗಿತ್ತ. ಇನ್ನು ಇದನ್ನು ಹಿಡಿಯುವ ಯೋಗ್ಯತೆ ನನಗಿಲ್ಲ, ನೀನು ಇಟ್ಟುಕೋ ಎಂದ. ಅಜ್ಜ ಅದನ್ನು ತೆಗೆದುಕೊಂಡ. ಆಗಲೂ ಹೇಳಲಿಲ್ಲ.

ಅವನು ಬೇಲಿ ದಾಟಿದ ಮೇಲೆ ಅಜ್ಜಿ ಹೊರಗೆ ಬಂದು, “ಇವತ್ತಿಂದ ಅದು ಹೇಳದ ಹೊಯಿಗೆ” ಎಂದಳು. ಅಷ್ಟೇ. ಆಮೇಲೆ ನೀರು ತರುವಾಗ, ಮೀನು ಮಾರುವಾಗ, ಯಾರು ದಿಬ್ಬದ ಮಾತೆತ್ತಿದರೂ ಆ ಹೆಸರನ್ನೇ ಹೇಳಿದಳು. ಕೇರಿಯವರು ಅಮ್ಮನ ಕತೆ ಕಟ್ಟಿ ಅದನ್ನು ಮುಚ್ಚಲು ನೋಡಿದರು, ಹೆಸರು ಅಳಿಯಲಿಲ್ಲ. ಅಜ್ಜ ಮರುವರ್ಷ ಅಲ್ಲಿ ಬೋಳು ಗಳ ನೆಟ್ಟ. ಸಾಯುವವರೆಗೂ ನೆಟ್ಟ. ಗಳ ನೆಡುವವನು ಮೊದಲ ದಿನ ದಡದಲ್ಲಿ ಯಾರಿದ್ದರೂ ಅವರಿಗೆ ನಡೆದದ್ದನ್ನು ಹೇಳಿಯೇ ನೀರಿಗಿಳಿಯಬೇಕು ಎಂದು ಅಜ್ಜಿ ಕಟ್ಟಳೆ ಮಾಡಿದಳು. ಅಜ್ಜ ಅದನ್ನು ಹೇಳಿದ್ದು ಕಣ್ಣು ಮುಚ್ಚಿಕೊಂಡು. ನನ್ನ ಅಪ್ಪ ಬೆನ್ನು ತಿರುಗಿಸಿ ಹೇಳುತ್ತಿದ್ದ.

ಈಗ ದಡದಲ್ಲಿ ಪಂಚಾಯತಿಯ ಬೋರ್ಡಿದೆ. ಬರೆದುಕೊಡಲು ನನ್ನನ್ನೇ ಕೇಳಿದ್ದರು, ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಮುಳುಗಿದ ಸೈನಿಕರನ್ನು ಉಳಿಸಲು ಊರವರು ಪ್ರಾಣದ ಹಂಗು ತೊರೆದು ಹೋರಾಡಿದರು ಎಂಬ ಸಾಲನ್ನು ಉಳಿಸಿಕೊಂಡು, ಅದರ ಮೇಲಿನ ಸಾಲನ್ನು ಬಿಟ್ಟರು. ಊರಿನ ಮರ್ಯಾದೆ ಹೋಗುತ್ತದಂತೆ. ಹಾಗಾಗಿ ಬಂದವರು ಬೋರ್ಡು ಓದುತ್ತಾರೆ, ಬಳೆ ನೋಡುತ್ತಾರೆ, ಪಕ್ಕದ ಗಳಕ್ಕೆ ಗರಿ ಏಕಿಲ್ಲ ಎಂದು ಕೆಲವರು ಕೇಳುತ್ತಾರೆ. ಹೋದ ತಿಂಗಳು ಗಳ ನೆಡಲು ಹೋದಾಗ ಗದಗದ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಕೈಯಲ್ಲಿದ್ದ ಹಳೆಯ ಕೋಲನ್ನು ನೋಡಿ, “ಇದು ನಿಮ್ಮ ಅಜ್ಜಂದೇನ್ರಿ?” ಎಂದು ಕೇಳಿದಳು. ಅಲ್ಲ, ಅಜ್ಜನನ್ನು ನಂಬಿದವನದು ಎಂದೆ. ಬೋರ್ಡಿನಲ್ಲಿಲ್ಲದ ಸಾಲನ್ನು ಅವಳ ಮುಖ ನೋಡಿಕೊಂಡೇ ಹೇಳಿದೆ: ನೆಲ ಟೊಳ್ಳೆಂದು ಅಜ್ಜನಿಗೆ ಗೊತ್ತಿತ್ತು. ಆಮೇಲೆ ನೀರಿಗಿಳಿದೆ.