ಸಹಪಾಠಿಯ ಜಾಲತಾಣ

"ಗುರುಗಳೇ, ಹೊಟ್ಟೆಕಿಚ್ಚಿನಿಂದ ಆಡಿದ ಮಾತು ನಿಜವೇ ಆಗಿದ್ದರೆ ಅದರಲ್ಲಿ ತಪ್ಪೇನು?" ಎಂದು ಶಿಷ್ಯ ಕೇಳಿದ.

ಅವನು ಅಂದು ಬೆಳಿಗ್ಗೆ ಗೆಳೆಯನೊಬ್ಬನ ಹೊಸ ಕಂಪನಿಯನ್ನು ನಾಲ್ಕು ಜನರ ಮುಂದೆ ಹಳಿದು ಬಂದಿದ್ದ. ಗುರುಗಳ ಕಿವಿಗೂ ಅದು ಬಿದ್ದಿತ್ತು. ಅವರು ತಪ್ಪು ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಂಕಣಕಾರನಿದ್ದ. ಅಂತರಜಾಲದಲ್ಲಿ ಹುಟ್ಟುವ ಹೊಸ ಕಂಪನಿಗಳನ್ನು ನೋಡಿ, ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಬರೆಯುವುದು ಅವನ ಕೆಲಸ. ಅವನ ಕಣ್ಣು ಚುರುಕು. ಬೀಳುತ್ತದೆ ಎಂದು ಅವನು ಬರೆದದ್ದು ಬಹುಮಟ್ಟಿಗೆ ಬೀಳುತ್ತಿತ್ತು. ಜನ ಅವನನ್ನು ನಂಬಿ ಓದುತ್ತಿದ್ದರು.

ಅವನ ಜೊತೆ ಕಾಲೇಜಿನಲ್ಲಿ ಓದಿದ ಒಬ್ಬಳು ಒಂದು ಜಾಲತಾಣ ತೆರೆದಳು. ಪಾತ್ರೆಗೆ ಕಲಾಯಿ ಹಾಕುವವರು, ಚಾಕುವಿಗೆ ಸಾಣೆ ಹಿಡಿಯುವವರು, ಕೊಡೆ ರಿಪೇರಿಯವರು ತಾವು ಯಾವ ದಿನ ಯಾವ ಬೀದಿಗೆ ಬರುತ್ತೇವೆ ಎಂದು ಅದರಲ್ಲಿ ತಿಳಿಸಬಹುದು. ಬೇಕಾದವರು ನೋಡಿ ಮನೆಗೆ ಕರೆಯಬಹುದು. ಓದುವ ಕಾಲದಲ್ಲಿ ಇಂಥದೇ ಒಂದು ಯೋಚನೆ ಅಂಕಣಕಾರನಿಗೂ ಬಂದಿತ್ತು. ಬಂದದ್ದು ಬಂದ ಹಾಗೇ ಹೋಗಿತ್ತು. ಈಗ ಪತ್ರಿಕೆಯಲ್ಲಿ ಅವಳ ಫೋಟೊ ನೋಡಿ ಅವನಿಗೆ ಊಟ ಸೇರಲಿಲ್ಲ. ತನ್ನದನ್ನು ಅವಳು ಎತ್ತಿಕೊಂಡು ಹೋದಳು ಎಂದೇ ಅನಿಸಿತು. ತಾನು ಅದನ್ನು ಯಾರಿಗೂ ಹೇಳಿರಲೇ ಇಲ್ಲ ಎಂಬುದು ಅವನಿಗೆ ನೆನಪಿತ್ತು. ಆದರೂ ಹಾಗೇ ಅನಿಸಿತು.

ಅವನು ಬರೆದ: "ಬೀದಿ ಕಸುಬಿನವರಲ್ಲಿ ಅನೇಕರಿಗೆ ಓದು ಬರುವುದಿಲ್ಲ. ಈ ತಾಣದ ತುಂಬ ಬರೀ ಅಕ್ಷರ. ಹೀಗೇ ಇದ್ದರೆ ಆರು ತಿಂಗಳೂ ಬಾಳದು."

ಆ ಮಾತು ನಿಜವಾಗಿತ್ತು. ಹದಿನೈದು ದಿನಗಳಲ್ಲಿ ತಾಣದಲ್ಲಿ ಅಕ್ಷರದ ಬದಲು ಧ್ವನಿ ಬಂತು. ಕಸುಬಿನವರು ಬಾಯಲ್ಲಿ ಹೇಳಿದರೆ ಸಾಕಾಯಿತು.

ಅಂದಿನಿಂದ ಅಂಕಣಕಾರ ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಅವಳ ತಾಣ ನೋಡುತ್ತಿದ್ದ. ಒಮ್ಮೆ ಬೇರೆ ಹೆಸರು ಕೊಟ್ಟು ಸಾಣೆಯವನನ್ನು ಮನೆಗೆ ಕರೆಸಿದ. ಅವನು ಬರಲಾರ ಎಂದು ಎಣಿಸಿದ್ದ. ಮುದುಕನೊಬ್ಬ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಮನೆಯಲ್ಲಿದ್ದದ್ದು ಒಂದೇ ಚಾಕು, ಅದೂ ಹೊಸದು. ಮುದುಕ ಅದನ್ನು ತಿರುಗಿಸಿ ನೋಡಿದ.

"ಇದಕ್ಕೆ ಸಾಣೆ ಬೇಕಾಗಿಲ್ಲವಲ್ಲ ಸ್ವಾಮಿ."

"ಇರಲಿ, ಹಿಡಿ. ಮನೆ ಹುಡುಕುವುದು ಕಷ್ಟವಾಯಿತೇ?"

"ಆಯಿತು ಸ್ವಾಮಿ. ಫೋನಿನ ನಕ್ಷೆ ನನಗೆ ತಿಳಿಯುವುದಿಲ್ಲ. ನಾಲ್ಕು ಕಡೆ ಕೇಳಿಕೊಂಡು ಬಂದೆ."

ಅಂಕಣಕಾರನಿಗೆ ಹಬ್ಬವಾಯಿತು. ಅಂದೇ ಅದನ್ನು ಬರೆದ. ಅದೂ ನಿಜವೇ. ತಿಂಗಳೊಳಗೆ ತಾಣದಲ್ಲಿ ನಕ್ಷೆಯ ಜೊತೆಗೆ ದಾರಿಯನ್ನು ಬಾಯಿಮಾತಿನಲ್ಲಿ ಹೇಳುವ ಏರ್ಪಾಡಾಯಿತು. ಇಂಥ ಗುಡಿಯ ಎದುರು, ಇಂಥ ಗಿರಣಿಯ ಪಕ್ಕ ಎಂದು.

ಮುಂದೆ ಕೃತಕ ಬುದ್ಧಿಮತ್ತೆಯ ಕಾಲ ಬಂತು. "ಕೇಳಿದ್ದನ್ನು ಯಂತ್ರವೇ ಹುಡುಕಿಕೊಡುವಾಗ ಬರೀ ಪಟ್ಟಿ ಕೊಡುವ ತಾಣಗಳು ಯಾರಿಗೂ ಬೇಡ" ಎಂದು ಅವನು ಬರೆದ. ಇನ್ನು ಅವಳು ಉಳಿಯಲಾರಳು ಎಂದುಕೊಂಡು ಅಂದು ಎರಡು ತುತ್ತು ಹೆಚ್ಚಿಗೆ ಉಂಡ. ಅವಳು ಹಳೆಯ ಪಟ್ಟಿಯನ್ನೇ ತೆಗೆದುಹಾಕಿದಳು. ಕಸುಬಿನವನು ಪ್ರತಿದಿನ ಮನೆ ಬಿಡುವಾಗ ತಾನೇ ಹೇಳಿದ ಬೀದಿ ಮಾತ್ರ ತಾಣದಲ್ಲಿ ಉಳಿಯಿತು. ಅವನು ಹೇಳುವ ತನಕ ಅದು ಯಾವ ಯಂತ್ರಕ್ಕೂ ಗೊತ್ತಿರುವ ವಿಷಯವಲ್ಲ. ತಾಣ ಇನ್ನೂ ನಾಲ್ಕು ಊರುಗಳಿಗೆ ಹಬ್ಬಿತು.

ಹೊಸ ಕಂಪನಿಗಳ ಒಂದು ಸಭೆಯಲ್ಲಿ ಇಬ್ಬರೂ ಎದುರಾದರು. ಅವನು ಮುಖ ತಿರುಗಿಸುವ ಮೊದಲೇ ಅವಳು ಹತ್ತಿರ ಬಂದಳು.

"ನಿನ್ನ ಲೇಖನ ಬಂದ ದಿನ ನಮ್ಮ ಆಫೀಸಿನಲ್ಲಿ ಬೇರೆ ಕೆಲಸ ನಡೆಯುವುದಿಲ್ಲ ಕಣೋ," ಎಂದಳು. "ಎಲ್ಲರೂ ಕೂತು ಒಂದೊಂದು ಸಾಲನ್ನೂ ಓದುತ್ತೇವೆ. ನೀನು ತೋರಿಸಿದ್ದನ್ನೆಲ್ಲ ಸರಿ ಮಾಡಿದ್ದೇವೆ. ನಮ್ಮ ತಾಣವನ್ನು ನಿನ್ನಷ್ಟು ಗಮನವಿಟ್ಟು ನೋಡಿದವರು ಯಾರೂ ಇಲ್ಲ."

ಅವಳ ದನಿಯಲ್ಲಿ ವ್ಯಂಗ್ಯವಿದೆಯೇ ಎಂದು ಅವನು ಹುಡುಕಿದ. ಇರಲಿಲ್ಲ. ಅವನ ಕಿವಿ ಬಿಸಿಯಾಯಿತು. ಕೆಲಸವಿದೆ ಎಂದು ಹೇಳಿ ಸಭೆ ಮುಗಿಯುವ ಮೊದಲೇ ಎದ್ದು ಬಂದ. ಇಷ್ಟು ದಿನ ತಾನು ಅಗೆದದ್ದೆಲ್ಲ ಅವಳ ಮನೆಯ ಅಡಿಪಾಯಕ್ಕೇ ಆಯಿತಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದ.

ಮರುವಾರ ತಾಣದಲ್ಲಿ ಏನೋ ಬದಲಾವಣೆ ಮಾಡುವಾಗ ಒಂದು ತಪ್ಪು ನುಸುಳಿತು. ಕಸುಬಿನವರ ಫೋನ್ ನಂಬರು, ಮನೆಯ ವಿಳಾಸ ಯಾರು ಬೇಕಾದರೂ ನೋಡುವಂತೆ ಬಯಲಾದವು. ಎಂದಿನಂತೆ ಮೊದಲು ಕಂಡದ್ದು ಅಂಕಣಕಾರನಿಗೆ. ಬರೆಯಲು ಕೂತ. ಎರಡು ಸಾಲು ಬರೆದ. ಇದನ್ನು ಓದಿದ ಕೂಡಲೇ ಅವಳು ಸರಿ ಮಾಡಿಬಿಡುತ್ತಾಳೆ ಎಂಬುದು ಹೊಳೆಯಿತು. ಬರೆದದ್ದನ್ನು ಅಳಿಸಿದ.

ಅವನು ದಿನವೂ ನೋಡಿದ. ತಪ್ಪು ಹಾಗೇ ಇತ್ತು. ಅವನು ಸುಮ್ಮನಿದ್ದ. ಹನ್ನೆರಡನೆಯ ದಿನ ವಿಷಯ ಹೊರಬಿತ್ತು. ಮೋಸಗಾರರು ಆ ನಂಬರುಗಳಿಗೆ ಕರೆ ಮಾಡಿ, ತಾಣದವರೇ ಎಂದು ನಂಬಿಸಿ, ಕಲಾಯಿಯವರು, ಕೊಡೆಯವರು ಕೂಡಿಟ್ಟದ್ದನ್ನು ದೋಚಿದ್ದರು. ಸಹಪಾಠಿ ಎಲ್ಲರ ಮನೆಗೂ ಹೋಗಿ ಕೈಮುಗಿದಳು. ಆಮೇಲೆ ಅಂಕಣಕಾರನಿಗೆ ಫೋನ್ ಮಾಡಿದಳು.

"ನಿನ್ನ ಕಣ್ಣಿಗೂ ಇದು ಬೀಳಲಿಲ್ಲವೇನೋ?"

"ಇಲ್ಲ," ಎಂದ ಅವನು.

ಅವಳ ತಾಣದ ಬಗ್ಗೆ ಅವನು ಆಡಿದ ಮೊದಲ ಸುಳ್ಳು ಅದು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಷ್ಟು ದಿನ ನಿಜ ಬರೆದವನು ಅಂದು ಯಾಕೆ ಬರೆಯಲಿಲ್ಲ, ಗುರುಗಳೇ?"

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು: "ನಿನ್ನ ಮಾತಿನಿಂದ ಗೆಳೆಯನಿಗೆ ಒಳ್ಳೆಯದಾಗುತ್ತದೆ ಎಂದು ಗೊತ್ತಿದ್ದರೆ, ಇವತ್ತು ಬೆಳಿಗ್ಗೆ ನೀನು ಅದನ್ನು ಆಡುತ್ತಿದ್ದೆಯಾ?"