ಇಬ್ಬರಿಗೆ ಒಂದೇ ಬಾಗಿಲು

ಔಷಧ ತಯಾರಿಸುವ ಕಾರ್ಖಾನೆಯೊಂದರ ಕಂಪ್ಯೂಟರಿನಲ್ಲಿ ವಿಡಿಯೊ ಡ್ರೈವರ್ ಎಂಬ ದ್ವಾರಪಾಲಕನಿದ್ದ. ಕ್ಯಾಮೆರಾ ಕಳಿಸಿದ ಚಿತ್ರಗಳನ್ನು ಒಂದೊಂದಾಗಿ ಒಳಗೆ ಬಿಡುವುದು ಅವನ ಕೆಲಸ. ಆ ಚಿತ್ರಗಳನ್ನು ನೋಡಿ ಶೀಶೆ ಎತ್ತಿಡುವುದು ಯಂತ್ರದ ಕೈಯ ಕೆಲಸ.

ಒಂದು ದಿನ ಎರಡು ಕಣ್ಣಿನ ಹೊಸ ಕ್ಯಾಮೆರಾ ಬಂತು. ಎಡಗಣ್ಣಿನ ಚಿತ್ರವೂ ಬಲಗಣ್ಣಿನ ಚಿತ್ರವೂ ಜೊತೆಯಾಗಿ ಬಾಗಿಲಲ್ಲಿ ನಿಂತವು.

"ಇಬ್ಬರೂ ಒಂದೇ ಥರ ಇದ್ದೀರಿ. ಒಬ್ಬರು ಸಾಕು," ಎಂದ ದ್ವಾರಪಾಲಕ.

"ಸ್ವಾಮಿ, ನಮ್ಮಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದೆ. ಶೀಶೆ ಎಷ್ಟು ದೂರವಿದೆಯೆಂದು ಕೈಗೆ ತಿಳಿಯುವುದು ಅದರಿಂದಲೇ," ಎಂದಿತು ಬಲಗಣ್ಣಿನ ಚಿತ್ರ.

ದ್ವಾರಪಾಲಕನಿಗೆ ಹಳೇ ಕಾಲದವನೆನ್ನಿಸಿಕೊಳ್ಳಲು ಇಷ್ಟವಿರಲಿಲ್ಲ; ಬಾಗಿಲು ಅಗಲಿಸುವ ಮನಸ್ಸೂ ಇರಲಿಲ್ಲ. ಇಬ್ಬರನ್ನೂ ಅರ್ಧರ್ಧಕ್ಕೆ ಹಿಂಡಿ, ಒಂದೇ ಚಿತ್ರದ ಜಾಗದಲ್ಲಿ ಅಕ್ಕಪಕ್ಕ ತುರುಕಿ, "ಒಂದು ಚಿತ್ರ ಬಂದಿದೆ" ಎಂದು ಒಳಕ್ಕೆ ಕೂಗಿ ಹೇಳಿದ.

ಕೈಗೆ ಎರಡು ಸಪೂರ ಶೀಶೆಗಳು ಕಂಡವು. ಅದು ಇಲ್ಲದ ಶೀಶೆಯನ್ನು ಹಿಡಿಯಹೋಗಿ ಇದ್ದ ಶೀಶೆಯನ್ನು ನೆಲಕ್ಕೆ ಕೆಡವಿತು. ಆ ದಿನ ಕಾಯಿಸಿದ ಮದ್ದೆಲ್ಲ ಅದರಲ್ಲೇ ಇತ್ತು.

"ಬಂದವರು ಇಬ್ಬರೆಂದು ಒಂದು ಮಾತು ಹೇಳಬಾರದಿತ್ತೇ?" ಎಂದು ಕೈ ಕೇಳಿತು.

"ಇಬ್ಬರನ್ನೂ ಒಳಗೆ ಬಿಟ್ಟಿದ್ದೇನಲ್ಲ," ಎಂದ ದ್ವಾರಪಾಲಕ. "ಅದಕ್ಕಿಂತ ಹೆಚ್ಚಿನ ಮರ್ಯಾದೆ ಇನ್ನೇನು?"

ಆದರೂ ಒಡೆದ ಶೀಶೆ ಅವನ ಮನಸ್ಸನ್ನು ಕೊರೆಯುತ್ತಲೇ ಇತ್ತು. ಬಹಳ ಯೋಚಿಸಿ ಒಂದು ಸುಧಾರಣೆ ಮಾಡಿದ. ದೂರದ ಮಾತೆತ್ತಿದ ಬಲಗಣ್ಣಿನ ಚಿತ್ರವನ್ನು ಹೊರಗೇ ನಿಲ್ಲಿಸಿ, ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ: "ಇಲ್ಲಿ ಎರಡು ಕಣ್ಣಿನವರಿಗೂ ಪ್ರವೇಶವಿದೆ."